ಬರಿದಾಗಿರುವುದೇ ಕಾಯಕ: ಕಾಸುಕಾಬೆಯ ನೆಲದಡಿಯ ನೀರ್ಮನೆ

ಪ್ರವಾಸ ಹೊರಟವರು ಸಾಮಾನ್ಯವಾಗಿ ತುಂಬಿದುದನ್ನು ಕಾಣಲು ಹೋಗುತ್ತಾರೆ. ತುಂಬಿ ಧುಮ್ಮಿಕ್ಕುವ ಜಲಪಾತ, ಜನ ತುಂಬಿದ ಜಾತ್ರೆ, ಹಸುರು ತುಂಬಿದ ಮಲೆನಾಡು ಇವೇ ನಮ್ಮ ಕಣ್ಣಿಗೆ ಹಬ್ಬ. ಆದರೆ ನಾನು ಈ ಲೇಖನದಲ್ಲಿ ವರ್ಣಿಸಹೊರಟಿರುವ ಸ್ಥಳವನ್ನು ಬರಿದಾಗಿರುವಾಗಲೇ ನೋಡಬೇಕು. ಅದು ತುಂಬಿದ ದಿನ ಯಾತ್ರಿಕರಿಗೆ ಪ್ರವೇಶವಿಲ್ಲ. ಮಳೆಗಾಲದ ಬಿರುಸಿನಲ್ಲಿ ನದಿಗಳ ಹೆಚ್ಚುವರಿ ನೀರನ್ನೆಲ್ಲ ತನ್ನೊಡಲಿಗೆ ತೆಗೆದುಕೊಂಡು, ಮೇಲಿನ ಊರುಗಳನ್ನು ಕಾಪಾಡಿ, ಆ ಬಳಿಕ ಮತ್ತೆ ತನ್ನನ್ನು ತಾನು ಬರಿದು ಮಾಡಿಕೊಂಡು ಮುಂದಿನ ಮಳೆಗಾಗಿ ಕಾದಿರುವುದೇ ಅದರ ಕಾಯಕ.

ಆ ಸ್ಥಳವಿರುವುದು ಜಪಾನ್ ದೇಶದ ಸೈತಾಮಾ ಪ್ರಾಂತ್ಯದ ಕಾಸುಕಾಬೆ ಎಂಬ ಊರಿನಲ್ಲಿ. ಟೋಕಿಯೋ ಮಹಾನಗರದಿಂದ ಉತ್ತರಕ್ಕೆ ರೈಲಿನಲ್ಲಿ ಹೋದರೆ ಮಿನಾಮಿ ಸಾಕುರಾಯಿ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಅಲ್ಲಿಂದ ಎದೋ ನದಿಯ ದಂಡೆಯ ಕಡೆಗೆ ಸಾಗಬೇಕು. ಉದ್ಯೋಗನಿಮಿತ್ತ ಟೋಕಿಯೋದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನ ಒತ್ತಾಯದ ಮೇರೆಗೆ ಕಾರ್ತಿಕ ಮಾಸದಲ್ಲಿ ಆ ದೇಶಕ್ಕೆ ಹೋಗುವ ಅವಕಾಶ ಒದಗಿತ್ತು. ದೇವಾಲಯಗಳನ್ನೂ ಬೌದ್ಧವಿಹಾರಗಳನ್ನೂ ನೋಡಿದ್ದಾದ ಮೇಲೆ ಅವನು, "ಮಾಮಾ, ನೀವು ನೋಡಲೇಬೇಕಾದ ಗುಡಿ ಇನ್ನೊಂದಿದೆ. ಅದರಲ್ಲಿ ದೇವರಿಲ್ಲ, ಪೂಜಾರಿಯಿಲ್ಲ. ಆದರೂ ಈ ಜನ ಅದನ್ನು ನೆಲದಡಿಯ ದೇಗುಲ ಎಂದೇ ಕರೆಯುತ್ತಾರೆ" ಎಂದ. ಕಲ್ಲು ಮಣ್ಣಿನ ಗುಡಿಗಳ ವಿಷಯದಲ್ಲಿ ಶರಣಪರಂಪರೆಯ ನಿಲುವು ಏನೆಂಬುದನ್ನು ಬಲ್ಲ ನನಗೆ ಈ ಮಾತು ಕುತೂಹಲವನ್ನು ಹುಟ್ಟಿಸಿತು. ವಿವರಣೆ ಜಪಾನೀ ಭಾಷೆಯಲ್ಲಿರುವುದರಿಂದ ಆ ಭಾಷೆ ಬಲ್ಲವರು ಜೊತೆಗಿರಬೇಕೆಂಬ ನಿಯಮ ಅಲ್ಲಿದೆ. ಅವನು ಬಲ್ಲವನಾದ್ದರಿಂದ ನನ್ನ ದಾರಿ ಸುಗಮವಾಯಿತು.

ತಟ್ಟೆಯಂತಹ ನಾಡು

ಕಾಸುಕಾಬೆಯ ನೆಲದಡಿಯಲ್ಲಿ ಇಷ್ಟೊಂದು ದೊಡ್ಡ ಕಟ್ಟಡ ಏಕೆ ಬೇಕಾಯಿತು ಎಂಬುದು ತಿಳಿಯಬೇಕಾದರೆ ಮೊದಲು ಅಲ್ಲಿಯ ಭೂಮಿಯ ಆಕಾರವನ್ನು ತಿಳಿಯಬೇಕು. ತೋನೆ, ಎದೋ, ಆರಾ ಎಂಬ ಮೂರು ದೊಡ್ಡ ನದಿಗಳ ನಡುವೆ ಆ ಪ್ರದೇಶ ಸಿಕ್ಕಿಕೊಂಡಿದೆ. ನದಿಗಳು ಸಾವಿರಾರು ವರ್ಷಗಳಿಂದ ಹೊತ್ತು ತಂದ ಹೂಳಿನಿಂದ ಅಂಚುಗಳು ಎತ್ತರವಾಗಿ, ನಡುವಿನ ನೆಲ ತಗ್ಗಾಗಿ ಉಳಿದಿದೆ. ನಮ್ಮ ಊಟದ ತಟ್ಟೆಯನ್ನು ನೆನೆದರೆ ಸಾಕು. ತಟ್ಟೆಯ ನಡುವೆ ನಾಕಾ, ಆಯಾಸೆ ಮೊದಲಾದ ಚಿಕ್ಕ ನದಿಗಳು ಹರಿಯುತ್ತವೆ. ಇಳಿಜಾರು ಅತಿ ಕಡಿಮೆಯಾದ್ದರಿಂದ ಅವುಗಳ ನೀರು ಸಮುದ್ರವನ್ನು ಸೇರಲು ಅವಸರಪಡುವುದಿಲ್ಲ. ಮಳೆ ಜೋರಾದರೆ ನೀರು ತಟ್ಟೆಯಲ್ಲಿಯೇ ನಿಲ್ಲುತ್ತದೆ.

ಹಿಂದೆ ತೋನೆ ನದಿ ಟೋಕಿಯೋ ಕೊಲ್ಲಿಯನ್ನೇ ಸೇರುತ್ತಿತ್ತು. 17ನೆಯ ಶತಮಾನದಲ್ಲಿ ತೊಕುಗಾವಾ ಮನೆತನದವರ ಆಡಳಿತದಲ್ಲಿ ಅದನ್ನು ಹಂತಹಂತವಾಗಿ ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಸಾಗರದ ಕಡೆಗೆ ಹರಿಯಿಸಲಾಯಿತು. ಆದರೂ ನದಿ ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 1947ರ ಸೆಪ್ಟೆಂಬರ್ ತಿಂಗಳಲ್ಲಿ ಕ್ಯಾಥ್ಲೀನ್ ಎಂಬ ಚಂಡಮಾರುತ ಬೀಸಿದಾಗ ತೋನೆಯ ದಂಡೆ ಒಡೆಯಿತು. ನೀರು ಹಳೆಯ ದಾರಿಯನ್ನೇ ಹಿಡಿದು ಈ ತಗ್ಗುನಾಡನ್ನು ಮುಳುಗಿಸುತ್ತ ಟೋಕಿಯೋದ ಪೂರ್ವಭಾಗದವರೆಗೂ ಹೋಯಿತು.

ಆ ಕಾಲದಲ್ಲಿ ಈ ನಾಡಿನ ತುಂಬ ಭತ್ತದ ಗದ್ದೆಗಳಿದ್ದವು. 1955ರ ಸುಮಾರಿಗೆ ನೂರಕ್ಕೆ ಐದು ಭಾಗ ಮಾತ್ರ ಪಟ್ಟಣವಾಗಿದ್ದ ಈ ಜಲಾನಯನ ಪ್ರದೇಶ ಮುಂದಿನ ಅರ್ಧ ಶತಮಾನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಟ್ಟಣವಾಯಿತು. ಗದ್ದೆಯೆಂದರೆ ಅನ್ನವನ್ನು ಬೆಳೆಯುವ ಜಾಗ ಮಾತ್ರವಲ್ಲ. ನಾಲ್ಕೂ ಕಡೆ ಬದು ಇರುವ ಒಂದು ಚಿಕ್ಕ ಕೆರೆಯೂ ಹೌದು. ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಅಂಗುಲ ನೀರು ನಿಂತರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್ ಆಗುತ್ತದೆ. ಗದ್ದೆ ಹೋಗಿ ಮನೆ ಬಂದಿತು, ಮನೆಯ ಮುಂದೆ ಡಾಂಬರು ಬಂದಿತು. ಮಳೆ ಮೊದಲು ಬೀಳುತ್ತಿದ್ದಷ್ಟೇ ಬಿದ್ದರೂ ನಿಲ್ಲುವ ತಾಣವಿಲ್ಲದೆ ಒಮ್ಮೆಲೇ ಚಿಕ್ಕ ನದಿಗಳಿಗೆ ನುಗ್ಗತೊಡಗಿತು. ನದಿಯನ್ನು ಅಗಲಗೊಳಿಸೋಣವೆಂದರೆ ಎರಡೂ ದಂಡೆಗಳ ಮೇಲೆ ಮನೆಗಳು ನಿಂತಿದ್ದವು. ಮೇಲೆ ಜಾಗವಿಲ್ಲದೆ ಹೋದಾಗ ಜನ ಕೆಳಗೆ ನೋಡಿದರು.

ನೂರಹದಿನಾರು ಮೆಟ್ಟಿಲು

1993ರಲ್ಲಿ ಅಗೆತ ಪ್ರಾರಂಭವಾಯಿತು. 2002ರಲ್ಲಿ ಒಂದು ಭಾಗ ಬಳಕೆಗೆ ಬಂದಿತು. 2006ರಲ್ಲಿ ಕೆಲಸ ಪೂರ್ಣವಾಯಿತು. ತಗುಲಿದ ವೆಚ್ಚ ಸುಮಾರು 23,000 ಕೋಟಿ ಯೆನ್. ಅದರ ಅಧಿಕೃತ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಮಹಾನಗರದ ಹೊರವಲಯದ ಭೂಗತ ವಿಸರ್ಜನಾ ಕಾಲುವೆ' ಎನ್ನಬಹುದು.

ಹೊರಗಿನಿಂದ ನೋಡಿದರೆ ಅಲ್ಲಿ ಏನೂ ಕಾಣುವುದಿಲ್ಲ. ಒಂದು ಕಟ್ಟಡ, ಅದರ ಪಕ್ಕದಲ್ಲಿ ಹುಲ್ಲು ಬೆಳೆದ ಚೆಂಡಾಟದ ಮೈದಾನ, ಅಷ್ಟೇ. ಆ ಹುಲ್ಲಿನ ಕೆಳಗೇ ಮಹಾಕುಂಡವಿದೆಯೆಂದು ಹೇಳಿದಾಗ ನಂಬುವುದು ಕಷ್ಟವಾಯಿತು. ಮೈದಾನದ ಅಂಚಿನ ಚಿಕ್ಕ ಬಾಗಿಲಿನಿಂದ 116 ಮೆಟ್ಟಿಲುಗಳನ್ನು ಇಳಿಯಬೇಕು. ಅರವತ್ತು ದಾಟಿದ ಮೊಳಕಾಲುಗಳಿಗೆ ಇಳಿಯುವಾಗ ಅಷ್ಟೇನೂ ತೊಂದರೆಯಾಗಲಿಲ್ಲ. ಹತ್ತುವಾಗಿನ ಮಾತನ್ನು ಇಲ್ಲಿ ಹೇಳುವುದು ಬೇಡ. ಇಳಿಯುತ್ತಿದ್ದಂತೆ ಗಾಳಿ ತಂಪಾಗುತ್ತದೆ. ಹಳೆಯ ಬಾವಿಯ ಬಾಯಿಗೆ ಮುಖವೊಡ್ಡಿದಾಗ ಬರುವ ತೇವದ ವಾಸನೆ ಮೂಗಿಗೆ ತಾಗುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ನಿಂತು ತಲೆಯೆತ್ತಿದಾಗ ನನ್ನ ಬಾಯಿಂದ ತಾನಾಗಿಯೇ 'ಶಿವ ಶಿವಾ' ಎಂಬ ಉದ್ಗಾರ ಹೊರಟಿತು.

177 ಮೀಟರ್ ಉದ್ದ, 78 ಮೀಟರ್ ಅಗಲ, 18 ಮೀಟರ್ ಎತ್ತರದ ಸಭಾಂಗಣವದು. ಅದರಲ್ಲಿ 59 ಕಂಬಗಳು ಸಾಲಾಗಿ ನಿಂತಿವೆ. ಒಂದೊಂದು ಕಂಬವೂ 7 ಮೀಟರ್ ಉದ್ದ, 2 ಮೀಟರ್ ಅಗಲ, ಸುಮಾರು 500 ಟನ್ ತೂಕ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ. ಇಲ್ಲಿ ಎಲ್ಲವೂ ಒಂದೇ. ಕೆತ್ತನೆಯಿಲ್ಲ, ಬಣ್ಣವಿಲ್ಲ. ಬೂದುಬಣ್ಣದ ಸಿಮೆಂಟಿನ ಮೇಲೆ ನೀರು ನಿಂತು ಹೋದ ಗುರುತುಗಳು, ನೆಲದ ಮೇಲೆ ತೆಳುವಾದ ಕೆಸರು. ನೀರು ಬಂದು ಹೋದ ಮೇಲೆ ಉಳಿಯುವ ಹೂಳನ್ನು ಯಂತ್ರಗಳಿಂದ ಕೆರೆದು ತೆಗೆಯುತ್ತಾರಂತೆ.

ಇಷ್ಟು ತೂಕದ ಕಂಬಗಳೇಕೆ ಎಂದು ಕೇಳಿದೆ. ಮೇಲಿನ ಛಾವಣಿಯನ್ನು ಹೊರುವುದಕ್ಕೆ ಎಂದು ನಾನು ತಿಳಿದಿದ್ದೆ. ಅದು ಅರ್ಧ ಉತ್ತರ ಮಾತ್ರ. ಸುತ್ತಲಿನ ಭೂಮಿಯಲ್ಲಿ ಅಂತರ್ಜಲ ತುಂಬಿದೆ. ಬರಿದಾದ ಕುಂಡವನ್ನು ಆ ನೀರು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ನೀರು ತುಂಬಿದ ಹಂಡೆಯಲ್ಲಿ ಖಾಲಿ ತಂಬಿಗೆಯನ್ನು ಮುಳುಗಿಸಲು ಹೋದರೆ ಅದು ಹೇಗೆ ಮೇಲೇಳುತ್ತದೋ ಹಾಗೆ. ಆ ನೂಕುವಿಕೆಗೆ ಎದುರಾಗಿ ಕುಂಡ ತನ್ನ ನೆಲೆಯಲ್ಲಿ ನಿಲ್ಲಲಿ ಎಂದೇ ಕಂಬಗಳನ್ನು ಭಾರವಾಗಿ ಮಾಡಿದ್ದಾರೆ. ಬರಿದಾಗಿರುವುದು ಸುಲಭದ ಕೆಲಸವಲ್ಲ, ಅದಕ್ಕೂ ಬಲ ಬೇಕು ಎಂಬುದನ್ನು ಅಲ್ಲಿ ಕಣ್ಣಾರೆ ಕಂಡೆ. 'ಬಯಲು' ಎಂಬ ಮಾತಿಗೆ ನಮ್ಮ ಶರಣರು ಕೊಟ್ಟ ಅರ್ಥ ಬೇರೆ, ಎತ್ತರ ಬೇರೆ. ಆದರೂ ಆ ಕಂಬಗಳ ನಡುವೆ ನಿಂತಾಗ ಆ ಮಾತು ನೆನಪಾಗದೆ ಇರಲಿಲ್ಲ.

ಕೋಡಿಯಿಂದ ಕೋಡಿಗೆ

ಇನ್ನು ಇದು ಕೆಲಸ ಮಾಡುವ ಬಗೆಯನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ಚಿಕ್ಕ ನದಿಗಳ ಪಕ್ಕದಲ್ಲಿ ಅಲ್ಲಲ್ಲಿ ಒಟ್ಟು ಐದು ಭಾರಿ ಬಾವಿಗಳನ್ನು ತೋಡಿದ್ದಾರೆ. ಆಳ ಸುಮಾರು 70 ಮೀಟರ್, ದೊಡ್ಡವುಗಳ ಅಗಲ ಸುಮಾರು 30 ಮೀಟರ್. ನದಿಯ ದಂಡೆಯ ಒಂದು ಭಾಗವನ್ನು ಉಳಿದ ದಂಡೆಗಿಂತ ತಗ್ಗಾಗಿ ಕಟ್ಟಿರುತ್ತಾರೆ. ನದಿ ಆ ಮಟ್ಟವನ್ನು ಮುಟ್ಟಿದಾಗ ನೀರು ತಾನಾಗಿಯೇ ಅದರ ಮೇಲಿನಿಂದ ಹೊರಳಿ ಬಾವಿಗೆ ಬೀಳುತ್ತದೆ. ಈ ವಿವರಣೆಯನ್ನು ಕೇಳಿದೊಡನೆ ನಾನು ತಂಗಿಯ ಮಗನಿಗೆ, "ಇದು ನಮ್ಮ ಕೆರೆಯ ಕೋಡಿಯಲ್ಲವೇನಪ್ಪಾ!" ಎಂದೆ. ಏರಿಯ ಒಂದು ಕಡೆ ಮಟ್ಟ ತಗ್ಗಿಸಿ, ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಹೊರಟುಹೋಗಲು ದಾರಿ ಮಾಡುವ ವಿದ್ಯೆ ನಮ್ಮ ಹಳ್ಳಿಗಳ ಒಡ್ಡರಿಗೆ ಶತಮಾನಗಳಿಂದ ತಿಳಿದಿತ್ತು. ನಮ್ಮಲ್ಲಿ ಕೋಡಿಯ ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು. ಅಲ್ಲಿ ಕೆಳಗಿನ ಕೆರೆಯೇ ಇಲ್ಲದ್ದರಿಂದ ಭೂಮಿಯೊಳಗೆ ಹೋಗುತ್ತದೆ.

ಐದು ಬಾವಿಗಳನ್ನೂ ನೆಲದಿಂದ ಸುಮಾರು 50 ಮೀಟರ್ ಆಳದಲ್ಲಿ ಒಂದು ಸುರಂಗ ಜೋಡಿಸುತ್ತದೆ. ಉದ್ದ 6.3 ಕಿಲೋಮೀಟರ್, ಒಳಗಿನ ಅಗಲ ಸುಮಾರು 10 ಮೀಟರ್. ನೀರು ಸುರಂಗದಲ್ಲಿ ಹರಿದು ಕೊನೆಯ ಬಾವಿಯಲ್ಲಿ ಮೇಲೇರಿ, ನಾನು ನಿಂತಿದ್ದ ಕಂಬಗಳ ಸಭಾಂಗಣಕ್ಕೆ ಬರುತ್ತದೆ. ಅಲ್ಲಿ ಅದರ ಆವೇಶ ತಣಿಯುತ್ತದೆ. ಪಂಪುಗಳು ಇದ್ದಕ್ಕಿದ್ದಂತೆ ನಿಂತರೂ ನೀರು ಹಿಂದಕ್ಕೆ ಅಪ್ಪಳಿಸಿ ಹಾನಿ ಮಾಡದಂತೆ ಒತ್ತಡವನ್ನು ಸಮಗೊಳಿಸುವುದು ಈ ಕುಂಡದ ಕೆಲಸ. ಆಮೇಲೆ ವಿಮಾನದ ಇಂಜಿನುಗಳ ಮಾದರಿಯ ಯಂತ್ರಗಳಿಂದ ನಡೆಯುವ ನಾಲ್ಕು ಪಂಪುಗಳು ಅದನ್ನು ಎತ್ತಿ, ಅಗಲವಾದ ಎದೋ ನದಿಗೆ ಬಿಡುತ್ತವೆ. ನಾಲ್ಕೂ ಒಟ್ಟಿಗೆ ನಡೆದರೆ ಸೆಕೆಂಡಿಗೆ ಎರಡು ಲಕ್ಷ ಲೀಟರ್ ನೀರು ಹೊರಗೆ ಹೋಗುತ್ತದೆ.

ವರ್ಷಕ್ಕೆ ಸರಾಸರಿ ಏಳು ಬಾರಿ ಈ ವ್ಯವಸ್ಥೆಗೆ ಕೆಲಸ ಬೀಳುತ್ತದೆ. 2015ರ ಸೆಪ್ಟೆಂಬರ್ ಮಳೆಯಲ್ಲಿ ಸುಮಾರು 1,900 ಕೋಟಿ ಲೀಟರ್, 2019ರ ಅಕ್ಟೋಬರ್ ಚಂಡಮಾರುತದಲ್ಲಿ ಸುಮಾರು 1,200 ಕೋಟಿ ಲೀಟರ್ ನೀರನ್ನು ಅದು ಸಾಗಿಸಿತು. ಬಾವಿ, ಸುರಂಗ, ಕುಂಡ ಎಲ್ಲವೂ ಸೇರಿ ಒಮ್ಮೆಗೆ ಹಿಡಿಯುವುದು ಸುಮಾರು 67 ಕೋಟಿ ಲೀಟರ್ ಮಾತ್ರ. ಒಂದು ಕಡೆಯಿಂದ ತೆಗೆದುಕೊಳ್ಳುತ್ತ ಇನ್ನೊಂದು ಕಡೆಯಿಂದ ಬಿಡುತ್ತ ಹೋಗುವುದರಿಂದಲೇ ಇಷ್ಟು ದೊಡ್ಡ ಮೊತ್ತ ಸಾಧ್ಯವಾಯಿತು.

ಹಿಂದಿರುಗುವ ರೈಲಿನಲ್ಲಿ ತಂಗಿಯ ಮಗ ಕಾಗದದ ಮೇಲೆ ಒಂದು ಲೆಕ್ಕ ಹಾಕಿ ತೋರಿಸಿದ. 67 ಕೋಟಿ ಲೀಟರನ್ನು ನಾಲ್ಕು ಅಂಗುಲ ನೀರು ನಿಲ್ಲುವ ಗದ್ದೆಗಳಿಗೆ ಹೋಲಿಸಿದರೆ ಸುಮಾರು 1,650 ಎಕರೆಯಾಗುತ್ತದೆ. ಹದಿಮೂರು ವರ್ಷಗಳ ದುಡಿಮೆ, ಸಾವಿರಾರು ಕೋಟಿ ಯೆನ್ ವೆಚ್ಚ, 500 ಟನ್ನಿನ ಕಂಬಗಳು ಇವೆಲ್ಲ ಸೇರಿ ಒಮ್ಮೆಗೆ ಹಿಡಿಯುವಷ್ಟು ನೀರನ್ನು ಅಷ್ಟು ಗದ್ದೆಗಳ ಬದುಗಳು ಸದ್ದಿಲ್ಲದೆ ಹಿಡಿಯುತ್ತಿದ್ದವು. ಜಪಾನೀಯರ ಶಿಸ್ತಿಗೆ, ಜಾಣ್ಮೆಗೆ ನನ್ನ ನಮನಗಳು. ಆದರೆ ಆ ಮಹಾಮಂಟಪವನ್ನು ನಾನು ವಿಜಯಸ್ತಂಭವೆಂದು ಮಾತ್ರ ನೋಡಲಾರೆ. ಮೇಲೆ ಬರಿದು ಜಾಗವನ್ನು ಉಳಿಸಿಕೊಳ್ಳದ ನಾಡು ಕೆಳಗೆ ಬರಿದು ಜಾಗವನ್ನು ಎಷ್ಟು ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಇನ್ನೊಂದು ಮಾತು. 2015ರ ಅದೇ ಮಳೆಯಲ್ಲಿ, ಕಾಸುಕಾಬೆಯ ಪಂಪುಗಳು ನಡೆಯುತ್ತಿದ್ದಾಗಲೇ, ನೆರೆಯ ಇಬಾರಾಕಿ ಪ್ರಾಂತ್ಯದ ಜೋಸೋ ಎಂಬಲ್ಲಿ ಕಿನು ನದಿಯ ದಂಡೆ ಒಡೆದು ಊರು ಮುಳುಗಿತು. ಒಂದು ಕುಂಡ ತನ್ನ ನೆರೆಹೊರೆಯನ್ನು ಕಾಯಬಲ್ಲದು, ಎಲ್ಲ ನದಿಗಳನ್ನೂ ಕಾಯಲಾರದು.

ಓಣಿಯ ಪೂಜ್ಯರು

ಮರುದಿನ ಟೋಕಿಯೋ ನಗರದೊಳಗಿನ ಸುಮಿದಾ ಎಂಬ ವಿಭಾಗಕ್ಕೆ ಹೋದೆವು. ಸುಮಿದಾ ಮತ್ತು ಆರಾ ನದಿಗಳ ನಡುವಿನ ತಗ್ಗುಪ್ರದೇಶವದು. ಬೆಂಕಿಯನ್ನೂ ನೀರನ್ನೂ ಬಲ್ಲ ಜನ ಅಲ್ಲಿಯವರು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದ ದಿನ ಅಲ್ಲಿಯ ಒಂದು ಬಯಲಿನಲ್ಲಿ ಆಶ್ರಯ ಪಡೆದಿದ್ದವರ ಮೇಲೆ ಬೆಂಕಿಯ ಸುಂಟರಗಾಳಿ ಎರಗಿ ಸುಮಾರು 38,000 ಜನ ಸತ್ತರು. ಆ ಜಾಗ ಇಂದು ಯೊಕೊಅಮಿಚೋ ಉದ್ಯಾನವಾಗಿದೆ. ನಾವು ಅಲ್ಲಿ ಕೈಮುಗಿದು ನಿಂತೆವು.

ಟೋಕಿಯೋದ ಬಹುಭಾಗದಲ್ಲಿ ಮಳೆನೀರಿಗೂ ಮಲಿನ ನೀರಿಗೂ ಒಂದೇ ಕೊಳವೆ. ಹಿಂದಿನಿಂದ ಆ ಕೊಳವೆಗಳನ್ನು ಗಂಟೆಗೆ 50 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ ರೂಪಿಸಿದ್ದಾರೆ. ಅದನ್ನು ಮೀರಿದರೆ ಮಳೆಯೊಂದಿಗೆ ಹೊಲಸೂ ಉಕ್ಕಿ ತಗ್ಗಿನ ಮನೆಗಳಿಗೆ, ನೆಲಮಾಳಿಗೆಗಳಿಗೆ ನುಗ್ಗುತ್ತದೆ. ಸುಮಿದಾದ ಜನ ಇದನ್ನು ಅನುಭವಿಸಿ, ನೀರನ್ನು ಕೊಳವೆ ಸೇರುವ ಮೊದಲೇ ನಿಲ್ಲಿಸುವ ಉಪಾಯವನ್ನು ಯೋಚಿಸಿದರು. 1985ರಲ್ಲಿ ಅಲ್ಲಿ ಸುಮೋ ಮಲ್ಲಯುದ್ಧದ ರಾಷ್ಟ್ರೀಯ ಸಭಾಂಗಣ 'ಕೊಕುಗಿಕಾನ್' ಕಟ್ಟಿದಾಗ ಅದರ ವಿಶಾಲವಾದ ಛಾವಣಿಯ ನೀರನ್ನು ನೆಲಮಾಳಿಗೆಯ ಹತ್ತು ಲಕ್ಷ ಲೀಟರಿನ ತೊಟ್ಟಿಗೆ ಇಳಿಸಿದರು. ಆ ನೀರನ್ನು ಶೌಚಾಲಯಗಳಿಗೆ ಬಳಸುತ್ತಾರೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ, 2012ರಲ್ಲಿ ತೆರೆದ, 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರವಿದೆ. ಎಲ್ಲರೂ ತಲೆಯೆತ್ತಿ ಅದರ ತುದಿಯನ್ನು ನೋಡುತ್ತಾರೆ. ನಾನು ಕೇಳಿ ತಿಳಿದದ್ದು ಅದರ ಬುಡದ ಸುದ್ದಿ. ಆ ಸಂಕೀರ್ಣದ ನೆಲದಡಿಯಲ್ಲಿ ಸುಮಾರು 26 ಲಕ್ಷ ಲೀಟರ್ ಮಳೆನೀರಿಗೆ ಸ್ಥಳವಿದೆ. ಅದನ್ನು ಎರಡು ಪಾಲು ಮಾಡಿದ್ದಾರೆ. ಸುಮಾರು 8 ಲಕ್ಷ ಲೀಟರಿನ ಪಾಲು ನೀರನ್ನು ಕೂಡಿಟ್ಟು ಬಳಸುವುದಕ್ಕೆ. ಸುಮಾರು 18 ಲಕ್ಷ ಲೀಟರಿನ ಪಾಲು ಮಳೆಯ ರಭಸವನ್ನು ತಡೆಯುವುದಕ್ಕೆ. ಓದುಗರು ಈ ಎರಡು ಪಾಲಿನ ವ್ಯತ್ಯಾಸವನ್ನು ಗಮನಿಸಬೇಕು. ಬಳಕೆಯ ತೊಟ್ಟಿ ತುಂಬಿದ್ದಷ್ಟೂ ಒಳ್ಳೆಯದು. ಪ್ರವಾಹ ತಡೆಯುವ ತೊಟ್ಟಿ ಬರಿದಾಗಿದ್ದಷ್ಟೂ ಒಳ್ಳೆಯದು. ಮೊದಲೇ ತುಂಬಿದ ತೊಟ್ಟಿಯ ಮೇಲೆ ಮಹಾಮಳೆ ಸುರಿದರೆ ಅದು ಇದ್ದೂ ಇಲ್ಲದಂತೆ. ಒಂದೇ ತೊಟ್ಟಿಯಿಂದ ಎರಡೂ ಕೆಲಸವಾಗಬೇಕೆಂದು ಬಯಸುವವರು ಮಳೆ ಬರುವ ಮುನ್ನ ಅದರಲ್ಲಿ ಜಾಗ ಮಾಡಿಡುವ ಶಿಸ್ತನ್ನೂ ಕಲಿಯಬೇಕಾಗುತ್ತದೆ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಗೋಪುರವಲ್ಲ, ಹಿಂದಿನ ಓಣಿಗಳು. ಎರಡು ಸೈಕಲ್ಲುಗಳು ಕಷ್ಟದಿಂದ ಹಾದುಹೋಗುವಷ್ಟು ಇಕ್ಕಟ್ಟಾದ ಓಣಿಗಳಲ್ಲಿ ಅಲ್ಲಲ್ಲಿ ಒಂದೊಂದು ಕೈಪಂಪು ನಿಂತಿದೆ. ಅಕ್ಕಪಕ್ಕದ ಮನೆಗಳ ಛಾವಣಿಯ ನೀರು ಕೊಳವೆಯಲ್ಲಿ ಇಳಿದು ನೆಲದಡಿಯ ತೊಟ್ಟಿಯನ್ನು ಸೇರುತ್ತದೆ. ನೆರೆಹೊರೆಯವರು ಅದನ್ನು ಗಿಡಗಳಿಗೆ ಬಳಸುತ್ತಾರೆ. ಬೆಂಕಿ ಬಿದ್ದಾಗ, ಭೂಕಂಪದಲ್ಲಿ ನಲ್ಲಿ ನಿಂತಾಗ ಅದೇ ಆಧಾರ. ಇದಕ್ಕೆ ಅವರು ಇಟ್ಟ ಹೆಸರು 'ರೋಜಿಸೋನ್'. ರೋಜಿ ಎಂದರೆ ಓಣಿ. ಸೋನ್ ಎಂಬ ಅಕ್ಷರದಲ್ಲಿ ಪೂಜ್ಯತೆಯ ಅರ್ಥವಿದೆ. ಕಾಸುಕಾಬೆಯ ಮಹಾಕುಂಡವನ್ನು ಸರ್ಕಾರ ಕಟ್ಟಬೇಕು. ಓಣಿಯ ಪೂಜ್ಯರನ್ನು ನಾಲ್ಕು ಮನೆಯವರು ಕೂಡಿ ಪ್ರತಿಷ್ಠಾಪಿಸಬಹುದು.

ನಮ್ಮ ಅಂಗಳದ ಮಾತು

ಕೆರೆ ಕಟ್ಟುವುದು ನಮ್ಮ ಪರಂಪರೆಗೆ ಹೊಸದಲ್ಲ. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆಯನ್ನು ಕಟ್ಟಿಸಿದರು. ಅದರ ನೀರಿನ ನಡುವೆ ಅವರ ಗುಡಿ ಇಂದಿಗೂ ಇದೆ. ಕೆರೆ ಕಟ್ಟುವ ದುಡಿಮೆಯನ್ನು ಅವರು ಲೋಕಸೇವೆಯೆಂದು ಬಗೆದರು ಎಂಬುದನ್ನು ಬಲ್ಲದ ಭಕ್ತರಿಲ್ಲ. ಕೆರೆಯೆಂದರೆ ನೀರು ಇರುವ ಜಾಗ ಮಾತ್ರವಲ್ಲ, ನೀರು ಬರಲಿ ಎಂದು ಬಿಟ್ಟಿರುವ ಜಾಗ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳವನ್ನು 'ಖಾಲಿ ಬಿದ್ದಿದೆ' ಎಂದು ನೋಡುವ ಕಣ್ಣು ನಮಗೆ ಇತ್ತೀಚೆಗೆ ಬಂದದ್ದು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳ ಕ್ರೀಡಾಂಗಣವಾಯಿತು. ಒಂದು ಕೆರೆಯ ಕೋಡಿಯನ್ನು ಇನ್ನೊಂದು ಕೆರೆಗೆ ಜೋಡಿಸುತ್ತಿದ್ದ ರಾಜಕಾಲುವೆಗಳು ಇಕ್ಕಟ್ಟಾದವು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಗಿ ಬಂದುದನ್ನು ಎಲ್ಲರೂ ನೋಡಿದ್ದೇವೆ.

ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ 30 ಅಡಿ 40 ಅಡಿಯ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವೆಂಬ ಕಾಯಿದೆ 2009ರಲ್ಲಿಯೇ ಬಂದಿದೆ. ಆದರೆ ಕಾಯಿದೆಯನ್ನು ದಂಡದ ಭಯದಿಂದ ಪಾಲಿಸುವುದು ಬೇರೆ, ನೆರೆಮನೆಯವನ ಮೇಲಿನ ಕರುಣೆಯಿಂದ ಪಾಲಿಸುವುದು ಬೇರೆ. ಮಳೆಯ ವಿಷಯದಲ್ಲಿ ಒಂದು ಸತ್ಯವನ್ನು ನಾವು ಮರೆಯುತ್ತೇವೆ: ನಮ್ಮ ಅಂಗಳದಿಂದ ಹೊರಗೆ ಹೋದ ನೀರು ಇಲ್ಲವಾಗುವುದಿಲ್ಲ. ಅದು ನಮಗಿಂತ ತಗ್ಗಿನಲ್ಲಿರುವವನ ಮನೆಯನ್ನು ಸೇರುತ್ತದೆ. ತಗ್ಗಿನಲ್ಲಿ ಮನೆ ಮಾಡುವವರು ಸಾಮಾನ್ಯವಾಗಿ ಬಡವರು.

ಲೆಕ್ಕ ಸುಲಭವಾದುದು. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್, ಅಂದರೆ ಸುಮಾರು 1,075 ಚದರ ಅಡಿ ಛಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್. ನಮ್ಮ ಅನೇಕ ಮನೆಗಳ ನೆಲದಡಿಯ ಸಂಪು ಇಷ್ಟನ್ನು ಹಿಡಿಯುತ್ತದೆ. ಆದರೆ ಅದನ್ನು ನಲ್ಲಿಯ ನೀರಿನಿಂದ ಸದಾ ತುಂಬಿಟ್ಟಿರುತ್ತೇವೆ. ಹೊಸದಾಗಿ ಮನೆ ಕಟ್ಟುವವರು ಕುಡಿಯುವ ನೀರಿನ ಸಂಪಿನಿಂದ ಬೇರೆಯಾಗಿ ಮಳೆನೀರಿಗೆ ಇನ್ನೊಂದನ್ನು ಮಾಡಿಸಬೇಕು. ಅದರ ಕೆಳಗಿನ ಭಾಗ ಬಳಕೆಗೆ. ಮೇಲಿನ ಭಾಗ ಬರಿದಾಗಿರಲಿ. ನಡುಮಟ್ಟದಲ್ಲಿ ಒಂದು ಸಣ್ಣ ಕೊಳವೆಯನ್ನಿಟ್ಟು, ಮಳೆಯ ಹೊತ್ತಿನಲ್ಲಿ ಮೇಲೇರಿದ ನೀರು ಹಲವು ಗಂಟೆಗಳ ಕಾಲ ನಿಧಾನವಾಗಿ ಇಂಗುಗುಂಡಿಗೆ ಇಳಿಯುವಂತೆ ಮಾಡಬೇಕು. ಇಂಗುಗುಂಡಿ ಮನೆಯ ಪಾಯದಿಂದ ದೂರವಿರಲಿ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಏರ್ಪಾಡು, ಸೊಳ್ಳೆ ಹೋಗದಂತೆ ಜಾಲರಿ, ಮಕ್ಕಳು ಬೀಳದಂತೆ ಬೀಗವಿರುವ ಮುಚ್ಚಳ, ವರ್ಷಕ್ಕೊಮ್ಮೆ ಹೂಳು ತೆಗೆಯುವ ಶಿಸ್ತು ಇವಿಷ್ಟೂ ಅಗತ್ಯ. ಬಚ್ಚಲಿನ ನೀರನ್ನು ಇದಕ್ಕೆ ಎಂದೂ ಸೇರಿಸಬಾರದು.

ಮನೆಗಳಿಗಿಂತ ನಮ್ಮ ಸಂಸ್ಥೆಗಳ ಹೊಣೆ ದೊಡ್ಡದು. ಕಲ್ಯಾಣಮಂಟಪ, ಶಾಲೆ, ಪ್ರಸಾದನಿಲಯಗಳ ಛಾವಣಿಗಳು ವಿಶಾಲವಾದವು. ನಾನು ಬಲ್ಲ ಒಂದು ಪ್ರಸಾದನಿಲಯದ ಅಂಗಳದಲ್ಲಿ ಮೊದಲು ಬೇವಿನ ಮರಗಳೂ ಮಣ್ಣೂ ಇದ್ದವು. ಭಕ್ತರ ಕಾಣಿಕೆಯಿಂದ ಅದಕ್ಕೆ ಅಂದವಾದ ಕಲ್ಲುಹಾಸು ಹಾಕಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಅಂದಿನಿಂದ ಪ್ರತಿ ಜಡಿಮಳೆಗೂ ಗೇಟಿನಿಂದ ಹೊರಟ ನೀರು ಕೆಳಗಿನ ಓಣಿಯ ಹೂ ಮಾರುವವರ, ಗಾರೆ ಕೆಲಸದವರ ಗುಡಿಸಲುಗಳಿಗೆ ನುಗ್ಗುತ್ತಿದೆ. ನಮ್ಮ ಮಕ್ಕಳಿಗೆ ದಾಸೋಹ ನಡೆಯುವ ಹೊತ್ತಿಗೆ ಅವರ ಒಲೆಗಳು ನೀರಿನಲ್ಲಿ ಮುಳುಗಿರುತ್ತವೆ. ಅನ್ನ ನೀಡುವ ಮನೆಯಿಂದಲೇ ಇನ್ನೊಬ್ಬರ ಒಲೆ ಆರುವುದನ್ನು ನಾವು ಸಹಿಸಬಹುದೇ?

ಜಪಾನಿನಿಂದ ಬಂದ ಮೇಲೆ ಆಡಳಿತ ಮಂಡಳಿಯ ಹಿರಿಯರ ಮುಂದೆ ಒಂದು ಸಲಹೆಯನ್ನಿಟ್ಟಿದ್ದೇನೆ. ಆ ಕಟ್ಟಡದ ಛಾವಣಿ ಸುಮಾರು 600 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 30,000 ಲೀಟರ್ ನೀರು. 5 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಆಳದ ತೊಟ್ಟಿ ಅಂಗಳದ ಒಂದು ಮೂಲೆಯ ನೆಲದಡಿಯಲ್ಲಿ ಅಡಗಿಹೋಗುತ್ತದೆ. ಮೇಲೆ ಮಕ್ಕಳು ಆಡಬಹುದು. ಉಳಿದ ಕಲ್ಲುಹಾಸನ್ನು ಮರಗಳ ಬುಡದ ಸುತ್ತ ಕಿತ್ತು ಮಣ್ಣಿಗೆ ಉಸಿರಾಡಲು ಬಿಡಬೇಕು. ಮಂಡಳಿಯವರು ಕಿವಿಗೊಟ್ಟು ಕೇಳಿದರು. ಒಬ್ಬ ಹಿರಿಯರು, "ಶಾಸ್ತ್ರಿಗಳೇ, ಕಾಣಿಕೆ ಕೊಡುವ ಭಕ್ತರು ತಮ್ಮ ಹೆಸರು ಕಾಣುವಂತಹ ಕಟ್ಟಡಕ್ಕೆ ಕೊಡುತ್ತಾರೆ. ನೆಲದಲ್ಲಿ ಹೂತುಹೋಗುವ ಖಾಲಿ ತೊಟ್ಟಿಗೆ ಯಾರು ಕೊಡುತ್ತಾರೆ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಕೊಡಬೇಕಾದವರು ಮಂಡಳಿಯವರಲ್ಲ, ಈ ಪುಟಗಳನ್ನು ಓದುವ ನಾವು ನೀವು.

ಕಾಸುಕಾಬೆಯ ಐವತ್ತೊಂಬತ್ತು ಕಂಬಗಳು ವರ್ಷದ ಹೆಚ್ಚಿನ ದಿನ ಕತ್ತಲೆಯಲ್ಲಿ ಬರಿದೇ ನಿಂತಿರುತ್ತವೆ. ಮೇಲಿನ ಹುಲ್ಲಿನ ಮೈದಾನದಲ್ಲಿ ಆಡುವವರಿಗೆ ಅವುಗಳ ನೆನಪೂ ಇರಲಾರದು. ಕಾಣದಂತೆ ನಡೆಯುವ ಕಾಯಕಕ್ಕೂ ಕಾಣಿಕೆ ಸಲ್ಲಿಸುವ ಮನಸ್ಸು ನಮ್ಮ ಬಂಧುಗಳಲ್ಲಿ ಮೂಡಲಿ. ಬರುವ ಮುಂಗಾರಿಗೆ ಮೊದಲು ನಮ್ಮ ನಮ್ಮ ಅಂಗಳದಲ್ಲಿ ಮಳೆರಾಯನಿಗೆ ಒಂದಿಷ್ಟು ಬರಿದು ಜಾಗ ಸಿದ್ಧವಾಗಿರಲಿ.